ಏಕಾಂತಯ್ಯನ ಜೀಪಿನ ಉದ್ದನೆಯ ಹಾಡು

ಹಾನುಬಾಳಿನಿಂದ ಹೆಗ್ಗದ್ದೆ ಕಡೆಗೆ ಹೊರಡುವ ಬಾಡಿಗೆ ಜೀಪುಗಳಲ್ಲಿ ಏಕಾಂತಯ್ಯನದನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದಿತ್ತು. ಉಳಿದ ಜೀಪುಗಳಲ್ಲಿ ಸಿನಿಮಾ ಹಾಡು. ಇವನದರಲ್ಲಿ ಮಾತ್ರ ಯಾವುದೋ ದೇಶದ, ಮುಗಿಯುವ ಲಕ್ಷಣವೇ ಇಲ್ಲದ ಒಂದು ಹಾಡು. ಊರಿನ ಕೊನೆಯ ಅಂಗಡಿ ದಾಟಿ ರಸ್ತೆ ಕಾಫಿ ತೋಟಗಳ ನೆರಳಿಗೆ ನುಗ್ಗಿದ ಕೂಡಲೇ ಅವನು ಕ್ಯಾಸೆಟ್ಟನ್ನು ಒಳಕ್ಕೆ ತಳ್ಳುತ್ತಿದ್ದ. ಮೊದಲು ಎಲ್ಲೋ ದೂರದ ಗುಡ್ಡದ ಮೇಲೆ ಗಾಳಿ ಎದ್ದ ಹಾಗೆ ಒಂದು ಗುಂಯ್ ಎನ್ನುವ ಸದ್ದು. ಅದರೊಳಗಿಂದ ಮೆಲ್ಲಗೆ ಆರ್ಗನ್. ಅದರ ಬೆನ್ನಿಗೇ ಕೊಳಲು. ಡ್ರಮ್ಮು ಒಂದು ತಾಳ ಹಿಡಿಯಿತು ಅನ್ನುವಷ್ಟರಲ್ಲಿ ಅದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುತ್ತಿತ್ತು.

"ಏನ್ ಮಾರಾಯ, ಇವತ್ತಾದ್ರೂ ಬೇರೆ ಹಾಕೋ. ಹಾಡೋನು ಇನ್ನೂ ಬಂದೇ ಇಲ್ವಲ್ಲೋ!" ಎಂದು ಹಿಂದಿನಿಂದ ಸುಬ್ಬಯ್ಯ ಕೂಗುತ್ತಿದ್ದ. ಅವನು ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್.

"ಬತ್ತಾನೆ ಕಣಣ್ಣ. ದಾರೀಲವ್ನೆ," ಎನ್ನುತ್ತಿದ್ದ ಏಕಾಂತಯ್ಯ. ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು. ಮನಸ್ಸು ಎಲ್ಲಿರುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಸೀಟು ತೋಟದಾಳುಗಳ ಲೈನ್‌ಮನೆಯ ಚೌಡಮ್ಮನದು. ಮಂಡಿ ನೋವಿನ ಮುದುಕಿ ಎಂದು ಆ ಜಾಗಕ್ಕೆ ಯಾರೂ ಪೈಪೋಟಿ ಮಾಡುತ್ತಿರಲಿಲ್ಲ. ಆಕೆ ಒಂದು ದಿನವೂ ಹಾಡು ಬದಲಿಸು ಎಂದವಳಲ್ಲ. "ನಂಗೇನೂ ತಿಳಿಯಾಕಿಲ್ಲ ಕಣಪ್ಪ. ಆದ್ರೆ ಇದ ಕೇಳ್ತಿದ್ರೆ ನಿದ್ದೇಲಿ ನಡ್ಕೊಂಡು ಹೋದಂಗಾಯ್ತದೆ," ಎಂದಿದ್ದಳು ಒಮ್ಮೆ. ತನ್ನ ಹಾಡಿನ ಬಗ್ಗೆ ಬೇರೆಯವರು ಆಡಿದ ಮೊದಲ ಒಳ್ಳೆಯ ಮಾತು ಅದು. ಆ ದಿನ ಏಕಾಂತಯ್ಯ ಆಕೆಯ ಬಾಡಿಗೆ ಮುಟ್ಟಲಿಲ್ಲ.

ಅವನಿಗೆ ಈ ಹುಚ್ಚು ಹತ್ತಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಬಾಳ್ಳುಪೇಟೆಯಿಂದ ಮಂಗಳೂರಿಗೆ ಕಾಫಿ ಮೂಟೆ ಸಾಗಿಸುವ ಲಾರಿಯಲ್ಲಿ ಆಗ ಅವನು ಕ್ಲೀನರ್. ಲೋಡು ಇಳಿಯುವ ತನಕ ಮಾಡಲು ಕೆಲಸವಿಲ್ಲದೆ ಬಂದರಿನ ಗಲ್ಲಿಗಳಲ್ಲಿ ಅಲೆಯುತ್ತಿದ್ದ. ಅಲ್ಲೊಂದು ಫಾರಿನ್ ಸಾಮಾನಿನ ಅಂಗಡಿ. ಸೆಂಟು, ಸೋಪು, ಕೊಡೆಗಳ ನಡುವೆ ಇಟ್ಟ ಟೇಪ್‌ರೆಕಾರ್ಡರಿನಿಂದ ಆ ಗುಂಯ್ ಹೊರಟಿತು. ಏಕಾಂತಯ್ಯ ಮೀನಿನ ಬುಟ್ಟಿಗಳ ಮಧ್ಯೆ ನಿಂತುಬಿಟ್ಟ. ಹಾಡು ತಾಳ ಬದಲಿಸಿತು, ಮತ್ತೆ ಬದಲಿಸಿತು. ಬಿಸಿಲು ಅಂಗಡಿಯ ಮೆಟ್ಟಿಲಿನಿಂದ ಕೆಳಗಿಳಿದು ಚರಂಡಿಗೆ ಬಂತು. ಲಾರಿ ಡ್ರೈವರ್ ಬಂದು ಹೆಗಲು ಹಿಡಿದು ಅಲುಗಿಸಿದ ಮೇಲೆಯೇ ಅವನಿಗೆ ಎಚ್ಚರ. ಹಡಗಿನವನೊಬ್ಬ ಮಾರಿಹೋದ ಕ್ಯಾಸೆಟ್ ಅದು, ಯಾರು ಹಾಡಿದ್ದೋ ತನಗೂ ತಿಳಿಯದು ಎಂದ ಅಂಗಡಿಯವನು. ಮೇಲೆ ಹೆಸರಿರಲಿಲ್ಲ, ಚಿತ್ರವಿರಲಿಲ್ಲ. ಆ ತಿಂಗಳ ಕೂಲಿಯಲ್ಲಿ ಅದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡು ಘಟ್ಟ ಹತ್ತಿದ. ಮನೆಯಲ್ಲಿ ಟೇಪ್‌ರೆಕಾರ್ಡರ್ ಇಲ್ಲ ಎಂಬುದು ನೆನಪಾದದ್ದು ಶಿರಾಡಿಯ ತಿರುವುಗಳಲ್ಲಿ.

ಉದ್ದನೆಯ ಹಾಡು ಅವನಿಗೆ ಉದ್ದ ಅನ್ನಿಸದಿರಲು ಕಾರಣವಿತ್ತು. ತಂದೆ ಬಸವಯ್ಯ ಊರ ಈಶ್ವರ ಗುಡಿಯಲ್ಲಿ ಪೂಜೆ ಮಾಡುತ್ತಿದ್ದವರು, ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವರು. ಶಿವರಾತ್ರಿಯಲ್ಲಿ ಒಂದೇ ಪದವನ್ನು ತಿರುಗಿಸಿ ಮುರುಗಿಸಿ ಹೊತ್ತು ಮೂಡುವ ತನಕ ಎಳೆಯುತ್ತಿದ್ದರು. ಆ ಪದ ಯಾವಾಗ ಮುಗಿಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಏಕಾಂತಯ್ಯನೂ ಚಿಕ್ಕಂದಿನಲ್ಲಿ ಅವರ ಜೊತೆ ದನಿಗೂಡಿಸುತ್ತಿದ್ದ. ತಂದೆ ತೀರಿಕೊಂಡ ಮೇಲೆ ಅವನ ಬಾಯಲ್ಲಿ ಒಂದು ಪದವೂ ಹೊರಡಲಿಲ್ಲ. ಏಕತಾರಿಯನ್ನು ಗುಡಿಗೇ ಕೊಟ್ಟುಬಿಟ್ಟ.

ಆಲೂರು ಕಡೆಯಿಂದ ಮದುವೆಯಾಗಿ ಬಂದ ವಿಶಾಲಮ್ಮನಿಗೆ ಮೊದಮೊದಲು ಈ ಹಾಡು ಸವತಿಯಂತೆಯೇ ಕಂಡಿತು. ಟೇಪ್‌ರೆಕಾರ್ಡರ್ ತಂದ ಸಂಜೆ, ಗಂಡ ಏನೋ ಭಕ್ತಿಗೀತೆ ಹಾಕುತ್ತಾನೆಂದು ಆಕೆ ಊದುಬತ್ತಿ ಹಚ್ಚಿಟ್ಟಿದ್ದಳಂತೆ. "ಊದುಬತ್ತಿ ಪೂರಾ ಉರಿದು ಬೂದಿಯಾಯ್ತು, ಇವರ ಹಾಡಲ್ಲಿ ಇನ್ನಾ ಗಾಳಿ ಬೀಸ್ತಾನೇ ಐತೆ," ಎಂದು ತವರಿನಲ್ಲಿ ಹೇಳಿ ನಗಿಸಿದ್ದಳು. ಆದರೂ ದನಕ್ಕೆ ಹುಲ್ಲು ಹಾಕುವಾಗ, ಮೆಣಸು ಬಿಡಿಸುವಾಗ ಅದು ಆಕೆಯ ಕಿವಿಗೆ ಬೀಳುತ್ತಲೇ ಇತ್ತು.

ಆ ಕ್ಯಾಸೆಟ್ಟಿಗೆ ಒಂದು ಊನವಿತ್ತು. ಹಾಡು ಏರಿ ಏರಿ, ಎಲ್ಲ ವಾದ್ಯಗಳೂ ಒಂದೊಂದಾಗಿ ಬಂದು ಸೇರಿ, ಇನ್ನೇನು ಮಂಜು ಹರಿದು ಬಯಲು ಕಾಣಬೇಕು ಅನ್ನುವಾಗ ಟಕ್ ಎಂದು ನಿಂತುಬಿಡುತ್ತಿತ್ತು. ತುಂಬಿಸಿಕೊಂಡವನಿಗೆ ಟೇಪು ಸಾಲದೆ ಹೋಗಿತ್ತೋ ಏನೋ. ಕೊನೆ ಹೇಗಿತ್ತೆಂದು ಏಕಾಂತಯ್ಯನಿಗೆ ಗೊತ್ತೇ ಇರಲಿಲ್ಲ. ಸಾಲ ಮಾಡಿ ಜೀಪು ಕೊಂಡ ಮೇಲೆ ಅವನೇ ಒಂದು ಕೊನೆ ಕಟ್ಟಿಕೊಂಡ. ಹೆಗ್ಗದ್ದೆಗೆ ಮುಂಚಿನ ಇಳಿಜಾರಿನಲ್ಲಿ ಆ ಟಕ್ ಕೇಳಿಸಿದರೆ ಗೇರು ತಪ್ಪಿಸಿ ಗಾಡಿಯನ್ನು ಹಾಗೇ ಹರಿಯಲು ಬಿಡುತ್ತಿದ್ದ. ಟೈರಿನ ಸರಸರ, ಜೀರುಂಡೆಗಳ ಜೀಂ ಎನ್ನುವ ದನಿ, ಎಲ್ಲೋ ಹಳ್ಳದ ಸದ್ದು. ಅದರ ಮೇಲೆ ಒಂದು ಮೆಲುದನಿಯ ರಾಗ ಅವನ ತಲೆಯೊಳಗೇ ಹರಿದು ಹರಿದು ತೆಳ್ಳಗಾಗಿ ಮುಗಿಯುತ್ತಿತ್ತು. "ಗೇರಾಕೋ, ಸಾಯಿಸ್ಬುಟ್ಟೀಯ!" ಎಂದು ಸುಬ್ಬಯ್ಯ ಹಿಂದಿನಿಂದ ಅರಚುತ್ತಿದ್ದ.

ಹೀಗೆ ಅವನ ವಯಸ್ಸು ನಲವತ್ತು ದಾಟಿತು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಹೆಗ್ಗದ್ದೆಯ ಶಾಲೆಗೆ ಶ್ರುತಿ ಎಂಬ ಇಂಗ್ಲಿಷ್ ಟೀಚರ್ ವರ್ಗವಾಗಿ ಬಂದರು. ಮೈಸೂರಿನವರು. ಮೊದಲ ಸಲ ಜೀಪು ಹತ್ತಿದ ದಿನ, ಆರ್ಗನ್ ಶುರುವಾದದ್ದೇ ಅವರು ಬ್ಯಾಗು ಬಿಗಿಹಿಡಿದು ಮುಂದಕ್ಕೆ ಬಾಗಿದರು.

"ಇದು ನಿಮಗೆಲ್ಲಿ ಸಿಕ್ತು? ನಮ್ಮಣ್ಣ ಹಾಸ್ಟೆಲ್ಲಲ್ಲಿದ್ದಾಗ ದಿನಾ ಇದನ್ನೇ ಹಾಕ್ತಿದ್ದ!"

ಏಕಾಂತಯ್ಯ ಜೀಪನ್ನು ರಸ್ತೆ ಬದಿಗೆ ನಿಲ್ಲಿಸಿಯೇಬಿಟ್ಟ. ಟೀಚರ್ ಗುಂಪಿನ ಹೆಸರು ಹೇಳಿದರು, ಹಾಡಿನ ಹೆಸರು ಹೇಳಿದರು. ಇಂಗ್ಲೆಂಡಿನವರು, ಇಂಥವರು ಇನ್ನೂ ಹತ್ತಾರು ಜನ ಇದ್ದಾರೆ ಎಂದರು. "ಇದಕ್ಕೆ ಪ್ರೋಗ್ರೆಸಿವ್ ರಾಕ್ ಅಂತಾರೆ. ಕನ್ನಡದಲ್ಲಿ ಹೇಳಬೇಕಂದ್ರೆ... ಪ್ರಗತಿಪರ."

"ಪ್ರಗತಿಪರ ರೈತರು ಗೊತ್ತು ಕಣಮ್ಮ, ಅವ್ರಿಗೆ ಶಾಲು ಹೊದಿಸ್ತಾರೆ. ಪ್ರಗತಿಪರ ಹಾಡೂ ಐತಾ?" ಎಂದ ಸುಬ್ಬಯ್ಯ. ಇಡೀ ಜೀಪು ನಕ್ಕಿತು. ಏಕಾಂತಯ್ಯ ನಗಲಿಲ್ಲ. ಆ ಹೆಸರನ್ನು ತುಟಿಯಲ್ಲೇ ಒಂದೆರಡು ಸಲ ಹೇಳಿಕೊಂಡ. ಇಷ್ಟು ವರ್ಷ ಮನೆಯಲ್ಲಿ ಉಂಡು ಮಲಗಿದ ಅತಿಥಿಯ ಹೆಸರು ಇವತ್ತು ಕೇಳಿಸಿಕೊಂಡಂತಾಯಿತು.

"ಕೊನೆ ಐತಾ ಇದಕ್ಕೆ?" ಎಂದು ಕೇಳಿದ.

"ಇದೆ. ಯುಗಾದಿಗೆ ಊರಿಗೆ ಹೋದಾಗ ಅಣ್ಣನ ಹತ್ತಿರ ಪೂರ್ತಿ ತುಂಬಿಸಿಕೊಂಡು ಬರ್ತೀನಿ."

ಮಾರನೆಯ ದಿನ ಟೀಚರ್ ಇಳಿಯುವಾಗ ಅವನು ಸಣ್ಣ ದನಿಯಲ್ಲಿ, "ಅವಸರ ಏನಿಲ್ಲ ಟೀಚರೇ. ಮರೆತ್ರೂ ಪರವಾಗಿಲ್ಲ," ಎಂದ. ಅವರಿಗೆ ಅರ್ಥವಾಗಲಿಲ್ಲ. ಅವರು ಮರೆಯಲಿಲ್ಲ.

ಯುಗಾದಿಗೆ ಮುಂಚೆ ಒಂದು ಒಳ್ಳೆಯ ಮಳೆ ಬಿದ್ದು, ಕಾಫಿ ಹೂ ಅರಳಿತ್ತು. ತೋಟಗಳಿಗೆ ತೋಟಗಳೇ ಬೆಳ್ಳಗಾಗಿ, ಮಲ್ಲಿಗೆಯಂಥ ವಾಸನೆಗೆ ಎಲ್ಲರ ತಲೆಯೂ ಒಂದಿಷ್ಟು ತೇಲುತ್ತಿದ್ದ ದಿನಗಳು. ಟೀಚರ್ ತಂದ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಏಕಾಂತಯ್ಯ ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಮತ್ತೆ ಜೀಪಿನ ಕೀ ತೆಗೆದುಕೊಂಡ.

"ಎಲ್ಲಿಗೆ?" ಎಂದಳು ವಿಶಾಲಮ್ಮ.

"ಹಿಂಗೇ ಗುಡ್ಡದ ಕಡೆ. ಆ ಹಾಡಿನ ಮಿಕ್ಕಿದ್ದು ಸಿಕ್ಕೈತೆ."

ವಿಶಾಲಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಮದ್ವೆ ಆದಾಗ್ನಿಂದ ಅರ್ಧ ಹಾಡು ಕೇಳ್ಸಿದೀರ. ಮಿಕ್ಕಿದ್ದು ಕೇಳಾಕೆ ಒಬ್ರೇ ಹೋಗ್ತೀರಾ?"

ಏಕಾಂತಯ್ಯ ಆಕೆಯನ್ನೇ ನೋಡಿದ. ಆಕೆ ಸೆರಗು ಸರಿಮಾಡಿಕೊಂಡು ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

ಗುಡ್ಡದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದ. ಕೆಳಗೆ ಎರಡೂ ಕಡೆ ಬಿಳಿಯ ತೋಟಗಳು. ಬೆಳಕು ಇಳಿಯುತ್ತಾ ಬಂದಂತೆ ಹೂವೋ ಮಂಜೋ ತಿಳಿಯದ ಹಾಗಾಗಿ, ಜೀಪು ನೆಲ ಬಿಟ್ಟು ನಿಂತಂತೆ ಕಾಣುತ್ತಿತ್ತು. ಹಾಡು ಶುರುವಾಯಿತು. ಇಬ್ಬರಿಗೂ ಅದರ ಪ್ರತಿ ತಿರುವೂ ಬಾಯಿಪಾಠ. ಆರ್ಗನ್, ಕೊಳಲು, ಮಧ್ಯದ ದೊಡ್ಡ ನಿಶ್ಶಬ್ದ, ಮತ್ತೆ ಏರು. ಟಕ್ ಎನ್ನಬೇಕಾದ ಜಾಗ ಬಂತು. ವಿಶಾಲಮ್ಮ ಗಂಡನ ತೋಳು ಹಿಡಿದುಕೊಂಡಳು. ಟಕ್ ಎನ್ನಲಿಲ್ಲ. ಹಾಡು ಆ ಅಂಚನ್ನು ದಾಟಿ ಹೋಯಿತು. ಡ್ರಮ್ಮುಗಳು ಗುಡುಗಿದವು, ಗುಂಪಾಗಿ ದನಿಗಳು ಎದ್ದವು, ತುತ್ತೂರಿಗಳು ಮೊಳಗಿದವು. ಭರ್ಜರಿಯಾಗಿ, ಬೆಳಕೇ ಬೆಳಕಾಗಿ ಹಾಡು ಮುಗಿಯಿತು.

ಏಕಾಂತಯ್ಯ ಟೇಪು ಆರಿಸಿದ. "ಇದಲ್ಲ," ಎಂದ.

"ಚೆನ್ನಾಗೈತಲ್ರೀ! ದಿಬ್ಬಣ ಮನೆ ಮುಟ್ಟಿದಂಗೈತೆ."

"ಚೆನ್ನಾಗೈತೆ. ಆದ್ರೆ ನಾನು ಅಂದ್ಕೊಂಡಿದ್ದು ಹಿಂಗಿರ್ಲಿಲ್ಲ." ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. ಇಷ್ಟು ದೊಡ್ಡ ಗಂಡಸು ಒಂದು ಹಾಡಿಗೆ ಹೀಗಾಗುವುದೇ ಎಂದು ನಾಚಿಕೆಯೂ ಆಗುತ್ತಿತ್ತು.

ವಿಶಾಲಮ್ಮ ನಗಲಿಲ್ಲ. "ನಿಮ್ಮದು ಹೆಂಗಿತ್ತು?" ಎಂದಳು.

ಅದನ್ನು ಮಾತಿನಲ್ಲಿ ಹೇಳಲು ಬರುವಂತಿರಲಿಲ್ಲ. ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟು, ತೋಟದ ಕಡೆ ನೋಡುತ್ತಾ, ಮೆಲ್ಲಗೆ ದನಿ ತೆಗೆದ. ಪದವಿಲ್ಲದ ರಾಗ. ಮೊದಲು ಒಡಕಾಗಿ ಬಂತು, ಆಮೇಲೆ ನೇರವಾಯಿತು. ಅಪ್ಪನ ಏಕತಾರಿಯ ಶ್ರುತಿಗೇ ಅದು ಹೋಗಿ ಕೂತಿದೆ ಎಂಬುದು ಹಾಡುತ್ತಾ ಹಾಡುತ್ತಾ ಅವನಿಗೇ ಗೊತ್ತಾಯಿತು. ರಾಗ ಇಳಿದು, ತೆಳ್ಳಗಾಗಿ, ಹೂವಿನ ವಾಸನೆಯೊಳಗೆ ಎಲ್ಲೋ ಸೇರಿಹೋಯಿತು. ಮದುವೆಯಾದಾಗಿನಿಂದ ವಿಶಾಲಮ್ಮ ಗಂಡ ಹಾಡಿದ್ದನ್ನು ಕೇಳಿದವಳೇ ಅಲ್ಲ. ಆಕೆ ಟೇಪಿನಿಂದ ಕ್ಯಾಸೆಟ್ಟನ್ನು ತೆಗೆದು, ಸೆರಗಿನಲ್ಲಿ ಒರೆಸಿ ಗಂಡನ ಕೈಗಿಟ್ಟಳು. ಆಮೇಲೆ, "ಎರಡೂ ಇರ್ಲಿ ಬಿಡಿ," ಎಂದಳು.

ಮುಂದಿನ ಶಿವರಾತ್ರಿಗೆ ಏಕಾಂತಯ್ಯ ಗುಡಿಗೆ ಹೋಗಿ ಭಜನೆಯವರ ಮಧ್ಯೆ ಕೂತ. ಯಾರೂ ಕರೆದಿರಲಿಲ್ಲ, ಯಾರೂ ಏಕೆಂದು ಕೇಳಲೂ ಇಲ್ಲ. ಟೀಚರ್ ವರ್ಗವಾಗಿ ಹೋದರೂ ಅವರ ಅಣ್ಣನಿಂದ ಆಗೀಗ ಹೊಸ ಕ್ಯಾಸೆಟ್ಟುಗಳು ಬರುತ್ತಿದ್ದವು, ಆಮೇಲೆ ಸೀಡಿಗಳು ಬಂದವು. ಏಕಾಂತಯ್ಯನಿಗೆ ಆರ್ಗನ್ನಿನವರು ಇಷ್ಟವಾದರೆ ವಿಶಾಲಮ್ಮ ಪಿಟೀಲು ಬಾರಿಸುವ ಇಟಲಿಯ ಗುಂಪೊಂದನ್ನು ಹಿಡಿದುಕೊಂಡಳು. ಅದರ ಹೆಸರು ಆಕೆಯ ಬಾಯಲ್ಲಿ ಯಾವತ್ತೂ ಸರಿಯಾಗಿ ಹೊರಳಲಿಲ್ಲ. ಅದರ ಮೇಲೆ ಮಾತ್ರ ಯಾರೂ ಕೆಟ್ಟ ಮಾತು ಆಡುವಂತಿರಲಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು, ಆಲೂರಿನಲ್ಲಿ ವಿಶಾಲಮ್ಮನ ಅಕ್ಕ ನಾಗರತ್ನಮ್ಮನ ಹೊಸ ಮನೆಯ ಗೃಹಪ್ರವೇಶ. ಜೀಪು ಬಂದು ಚಪ್ಪರದ ಮುಂದೆ ನಿಂತು ಎಷ್ಟೋ ಹೊತ್ತಾದರೂ ಯಾರೂ ಇಳಿಯಲಿಲ್ಲ. ಹಾಲು ಉಕ್ಕಿಸುವ ಹೊತ್ತು ಮೀರುತ್ತಿದೆ ಎಂದು ನಾಗರತ್ನಮ್ಮನೇ ಹೊರಗೆ ಬಂದರು. ಒಳಗೆ ಗಂಡ ಹೆಂಡತಿ ಸೀಟಿಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಪಿಟೀಲು ಎಲ್ಲಿಗೋ ಏರುತ್ತಿತ್ತು.

"ಏನೇ ಇದು! ಎಲ್ಲಾರೂ ಕಾಯ್ತಾವ್ರೆ ಕಣೇ!" ಎಂದು ನಾಗರತ್ನಮ್ಮ ಜೀಪಿನ ಬದಿಗೆ ತಟ್ಟಿದರು.

ವಿಶಾಲಮ್ಮ ಕಣ್ಣು ತೆರೆಯದೆ ಒಂದು ಕೈ ಎತ್ತಿದಳು.

"ತಡಿ ಅಕ್ಕ," ಎಂದಳು. "ಇನ್ನೊಂಚೂರು ಐತೆ."