ಭತ್ತದ ನಾಡಿನಲ್ಲಿ ಒಂದು ಸೇರು ಕುಚ್ಚಲಕ್ಕಿ

“ಅಕ್ಕಿಗೆ ಬಣ್ಣ ಹಚ್ಚಿ ಉಣ್ತೀರೇನ್ರಿ ನೀವು?”

ಹೀಗೆ ಕೇಳಿದವರು ಗಂಗಾವತಿಯ ಒಬ್ಬ ಅಕ್ಕಿ ಅಂಗಡಿಯವರು. ಅವರ ಬೆನ್ನ ಹಿಂದೆ ಮಾಡು ಮುಟ್ಟುವಷ್ಟು ಅಕ್ಕಿಮೂಟೆಗಳು. ಬೀದಿಯಲ್ಲಿ ಅಕ್ಕಿಯ ಲಾರಿ, ಗಾಳಿಯಲ್ಲಿ ತೌಡಿನ ಧೂಳು. ನಾನು ಕೇಳಿದ್ದು ಒಂದೇ ಒಂದು ಸೇರು ಕೆಂಪು ಕುಚ್ಚಲಕ್ಕಿ. ಅಷ್ಟು ಅಕ್ಕಿಯ ನಡುವೆ ನಿಂತು ‘ಅಕ್ಕಿ ಇಲ್ಲ’ ಅನ್ನಿಸಿಕೊಂಡ ಗಂಡಸು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

“ಸೋನಾ ಮಸೂರಿ ಒಯ್ರಿ, ಮಲ್ಲಿಗಿ ಮೊಗ್ಗಿನಂಗ ಐತಿ.”

“ದಪ್ಪದ್ದೇ ಬೇಕ್ರಿ.”

“ದಪ್ಪಂದು ಕೋಳಿಗೆ ಹಾಕ್ತೇವ್ರಿ.”

ಬೇರೆ ದಿನವಾಗಿದ್ದರೆ ಅವರ ಧ್ವನಿಯನ್ನು ಅವರಿಗೇ ತಿರುಗಿಸಿ ಹೇಳಿ ನಗಿಸುತ್ತಿದ್ದೆ. ಅದೇ ನನ್ನ ಚಟ. ಕುಂದಾಪುರದಲ್ಲಿ ಡಿಪ್ಲೊಮಾ ಮುಗಿಸಿ, ಕುಷ್ಟಗಿಯ ಹೊರಗೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ಮದ್ದು ಮಾಡಲು ಬಂದವನು ನಾನು. ಇಲ್ಲಿಯವರ ಬಾಯಲ್ಲಿ ‘ಫ್ಯಾನಿನ ಹುಡುಗ’. ಬಂದ ಎರಡೇ ತಿಂಗಳಲ್ಲಿ ಬಸ್ ಕಂಡಕ್ಟರ್‌ನಿಂದ ಹಿಡಿದು ನಮ್ಮ ಮನೆ ಮಾಲಕಿ ನೀಲವ್ವನವರೆಗೆ ಎಲ್ಲರ ಧ್ವನಿಯೂ ನನ್ನ ಗಂಟಲಲ್ಲಿತ್ತು. ನೀಲವ್ವ ತನ್ನ ದನಿ ಕೇಳಿ, “ನನ್ನಂಗ ಮಾತಾಡಿದ್ರ ಬಾಡಿಗಿ ಬಿಡಂಗಿಲ್ಲ, ಬಾಡ್ಯಾ” ಎಂದಿದ್ದಳು.

ಆದರೆ ಆ ದಿನ ನಗು ಬರಲಿಲ್ಲ. ಹೆಂಡತಿ ಮಾಲತಿಗೆ ಮೂರು ತಿಂಗಳು. ಹತ್ತು ದಿನದಿಂದ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲ. ರೊಟ್ಟಿ ಕಂಡರೆ ವಾಂತಿ, ಬಿಳಿ ಅನ್ನದ ಹಬೆ ಬಂದರೆ ವಾಂತಿ. ಎರಡು ಸಲ ಸಲೈನ್ ಏರಿಸಿಯಾಯಿತು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, “ಹೊಟ್ಯಾಗ ಏನರೆ ನಿಲ್ಲಬೇಕ್ರಿ. ಇನ್ನೆರಡು ದಿನ ಹಿಂಗ ಆದ್ರ ಕೂಸಿನ ಮಾತು ನಾ ಹೇಳಂಗಿಲ್ಲ. ಬಸ್ಸಿನ್ಯಾಗ ಘಟ್ಟ ಅಂತೂ ಇಳಿಸಬ್ಯಾಡ್ರಿ” ಎಂದಿದ್ದರು. ಊರಿಗೆ ಹೋಗುವಂತಿಲ್ಲ, ಇಲ್ಲಿ ಉಣ್ಣುವಂತಿಲ್ಲ.

“ನಂಗೆ ಗಂಜಿ ಬೇಕು. ಬೇರೆ ಎಂತದೂ ಬೇಡ” ಎಂದು ಮಾಲತಿ ಗೋಡೆ ಕಡೆ ತಿರುಗಿ ಮಲಗಿದಳು.

ಊರಿನ ಅಕ್ಕಿ ಇತ್ತು. ಅದನ್ನು ಮುಗಿಸಿದವನು ನಾನೇ. ಸಹೋದ್ಯೋಗಿಗಳನ್ನು ಮನೆಗೆ ಕರೆದು, ‘ನಮ್ಮ ಕಡೆ ಗಂಜಿಯೂಟ’ ಎಂದು ಜಂಭದಿಂದ ಕೊನೆಯ ಎರಡು ಸೇರು ಬೇಯಿಸಿ ಬಡಿಸಿದ್ದೆ. ಅವರು ಎರಡು ತುತ್ತು ತಿಂದು, “ಎಮ್ಮಿ ಹಿಂಡಿ ಇದಕ್ಕಿಂತ ರುಚಿ ಇರ್ತೈತಿ” ಎಂದು ನಕ್ಕರು. ನಾನು ಎಮ್ಮೆಯ ಮಿಮಿಕ್ರಿ ಮಾಡಿ ಇನ್ನಷ್ಟು ನಗಿಸಿದೆ. ಉಳಿದದ್ದು ನೀಲವ್ವನ ಎಮ್ಮೆಗೇ ಹೋಯಿತು. ಅತ್ತೆ ಊರಿನಿಂದ ಅಕ್ಕಿ ಕಳಿಸಿದ್ದರು, ಆದರೆ ಅದು ಮುಟ್ಟಲು ನಾಲ್ಕು ದಿನ. ಡಾಕ್ಟರಮ್ಮ ಕೊಟ್ಟದ್ದು ಎರಡು.

ಹಿಂದಿನ ಸಂಜೆ ಕೊಪ್ಪಳದ ಅಂಗಡಿಗಳನ್ನು ತಿರುಗಿಯಾಗಿತ್ತು. ಇದನ್ನು ಓದುತ್ತಿರುವ ನಮ್ಮೂರಿನವರಾದ ನಿಮಗೆಲ್ಲ ಫೋನಿನಲ್ಲಿ ನಾನೇ ಪೇಟೆ ಪುರಾಣ ಹೇಳುತ್ತಿದ್ದೆ: ಬಂದರೆ ಆನೆಗೊಂದಿಯ ಬಾಳೆನಾರಿನ ಚೀಲ ಕೊಳ್ಳಿ, ಗಂಗಾವತಿಯಲ್ಲಿ ಅಕ್ಕಿ ಕೊಳ್ಳಿ ಎಂದು. ನಮ್ಮೂರ ಪೇಟೆಯಲ್ಲಿ ಮೀನಿನಂಗಡಿ ಪಕ್ಕ, ಔಷಧದಂಗಡಿ ಎದುರು, ಎಲ್ಲೆಂದರಲ್ಲಿ ಕುಚ್ಚಲಕ್ಕಿ. ಅದನ್ನೂ ಹುಡುಕಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಅಂಗಡಿಯವರಿಗೆ ನನ್ನ ಮುಖ ನೋಡಿ ಏನನ್ನಿಸಿತೋ. “ಕಾರಟಗಿಗೆ ಹೋಗ್ರಿ. ಅಲ್ಲಿ ಒಂದು ಮಿಲ್ಲಿನ್ಯಾಗ ಕೇರಳಕ್ಕ ಕುದಿಸಿದಕ್ಕಿ ಮಾಡ್ತಾರ. ಆದ್ರ ಲಾರಿಗಟ್ಟಲೆ ಕೊಡ್ತಾರ, ಸೇರಿನ ಲೆಕ್ಕ ಇಲ್ಲ” ಎಂದರು.

ಬಸ್ಸಿನಲ್ಲಿ ಕಾಲುವೆಯ ಪಕ್ಕ ಹೋಗುತ್ತ ಯೋಚಿಸಿದೆ. ಲಾರಿಗಟ್ಟಲೆ ಕೊಳ್ಳುವವನೇ ಆಗಿಬಿಟ್ಟರೆ? ನಮ್ಮ ಸೋದರಮಾವನ ರೇಷನ್ ಅಂಗಡಿ ನಿಮಗೆ ಗೊತ್ತು. ಅವರ ಹೊಟ್ಟೆ, ಅವರ ಕೆಮ್ಮು, ಅವರ ‘ಮಾರಾಯ್ರೆ’ ಎಲ್ಲ ನನಗೆ ಬಾಯಿಪಾಠ. ಕೊಳ್ಳುವ ಮೊದಲು ನೋಡಲು ಮಿಲ್ಲಿನವರು ಸ್ಯಾಂಪಲ್ ಕೊಡುತ್ತಾರೆಂದು ಅವರೇ ಹೇಳಿದ್ದರು. ಒಂದು ಹಿಡಿ ಸ್ಯಾಂಪಲ್ ಸಾಕು. ಒಂದು ಹಿಡಿ ಅಂದರೆ ಒಂದು ಬಟ್ಟಲು ಗಂಜಿ.

ಮಿಲ್ಲಿನ ಆಫೀಸಿನಲ್ಲಿ ಮ್ಯಾನೇಜರ್ ಖಾಜಾಸಾಬರು ಕೂತಿದ್ದರು. ಅವರ ಕನ್ನಡಕಕ್ಕೆ ದಾರ, ಮೇಜಿನ ಮೇಲೆ ನಾಲ್ಕು ಅಲ್ಯೂಮಿನಿಯಂ ತಟ್ಟೆ, ತಟ್ಟೆಗಳಲ್ಲಿ ಬೇರೆ ಬೇರೆ ಕುಚ್ಚಲಕ್ಕಿ. ನಾನು ಹೊಟ್ಟೆ ಮುಂದೆ ಮಾಡಿ, ಮಾವನಂತೆ ಕೆಮ್ಮಿ, “ನೋಡಿ ಮಾರಾಯ್ರೆ, ನಮಗೆ ಲೋಡು ಲೋಡು ಬೇಕಾಗ್ತದೆ” ಎಂದೆ.

“ಎಷ್ಟು ವರ್ಷ ಆತ್ರಿ ಸಾವಕಾರ್ರ, ದಂಧೆ?”

“ಇಪ್ಪತ್ತೈದು ವರ್ಷ ಆಯ್ತು.”

“ನಿಮ್ಮ ವಯಸ್ಸು?”

ಬಾಯಿ ಜಾರಿತು. “ಇಪ್ಪತ್ತಾರು.”

“ಹಂಗಾರ ತೊಟ್ಟಿಲದಾಗ ಕುಂತು ಅಕ್ಕಿ ತೂಗ್ತಿದ್ರಿ ಅನ್ರಿ.” ಮುಖದಲ್ಲಿ ನಗುವಿಲ್ಲ. ಒಂದು ತಟ್ಟೆಯನ್ನು ನನ್ನತ್ತ ಸರಿಸಿದರು. “ನೋಡ್ರಿ ಮಾಲು.”

ಕೆಂಪು ಗೆರೆಯಿರುವ ದಪ್ಪ ಅಕ್ಕಿ. ಒಂದು ಹಿಡಿ ತೆಗೆದೆ. ಮಾವನಾಗಿದ್ದರೆ ಏನು ಮಾಡುತ್ತಿದ್ದರು ಎಂದು ನೆನಪಾಗುವ ಮೊದಲೇ ಕೈ ಮೂಗಿಗೆ ಹೋಯಿತು. ಬೇಯಿಸಿದ ಭತ್ತದ ವಾಸನೆ. ಅಮ್ಮನ ಹಂಡೆ, ಶಾಲೆಗೆ ಹೊರಡುವ ಮುಂಚಿನ ಗಂಜಿ, ಉಪ್ಪಿನಕಾಯಿಯ ಒಂದು ಹೋಳು. ಮಾವನ ಕೆಮ್ಮು ಎಲ್ಲಿ ಹೋಯಿತೋ. ಅಂಗೈ ಒದ್ದೆಯಾದಾಗಲೇ ಗೊತ್ತಾದದ್ದು, ನಾನು ಅಳುತ್ತಿದ್ದೆ.

ಖಾಜಾಸಾಬರು ಕನ್ನಡಕ ಇಳಿಸಿದರು. “ಬ್ಯಾಪಾರಿ ಆದಂವ ಅಕ್ಕಿನ ಅಂಗೈಯಾಗ ತಿಕ್ಕತಾನ, ಹಲ್ಲಿಲೆ ಕಡೀತಾನ. ಮೂಸಿ ಅಳಂಗಿಲ್ಲ. ಖರೇ ಹೇಳು ತಮ್ಮಾ, ಮನ್ಯಾಗ ಯಾರಿಗೆ ಆರಾಮಿಲ್ಲ?”

ಹೇಳಿದೆ, ನನ್ನದೇ ಧ್ವನಿಯಲ್ಲಿ. ಬಹಳ ದಿನದ ಮೇಲೆ ಅದನ್ನು ಕೇಳಿ ನನಗೇ ಅಪರಿಚಿತ ಅನ್ನಿಸಿತು.

ಅವರು ತಮ್ಮ ಹೆಗಲ ಟವೆಲ್ ಬಿಡಿಸಿ ಹಾಸಿ, ನಾಲ್ಕೂ ತಟ್ಟೆಗಳನ್ನು ಅದರ ಮೇಲೆ ಮಗುಚಿದರು. “ಸ್ಯಾಂಪಲ್ ಮಾರಂಗಿಲ್ಲ. ಒಯ್ಯಿ. ನಾಲ್ಕು ಜಾತಿ ಕೂಡ್ಯಾವ, ಒಂದು ಬೇಗ ಬೇಯ್ತೈತಿ, ಒಂದು ತಡ. ಸಣ್ಣ ಉರಿ ಇಡು.”

ಕುಷ್ಟಗಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಗಂಜಿ ಬೇಯಿಸಿ, ಉಪ್ಪು ಹಾಕಿ, ತಿಳಿ ಬಸಿದು ಕೊಟ್ಟೆ. ಮಾಲತಿ ನಾಲ್ಕು ಗುಟುಕು ಕುಡಿದಳು. ನೀಲವ್ವ ಮೊಣಕಾಲ ಮೇಲೆ ಬಕೆಟ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ.

“ನಿಂತೈತಿ” ಎಂದು ನೀಲವ್ವ ಬಕೆಟ್ ಕೆಳಗಿಟ್ಟಳು.

ಸ್ಯಾಂಪಲ್ ಅಕ್ಕಿ ಎರಡು ದಿನಕ್ಕೆ ಸಾಲಿತು, ಅದೂ ನೀಲವ್ವ ನಮಗೆ ಹೇಳದೆ ಗಂಜಿಗೆ ಜೋಳದ ನುಚ್ಚು ಬೆರೆಸುತ್ತ ಹೋದದ್ದರಿಂದ. ಮೊದಲು ಒಂದು ಚಮಚ, ಆಮೇಲೆ ಅರ್ಧಕ್ಕರ್ಧ, ಮರುದಿನ ರಾತ್ರಿ ಪೂರಾ ನುಚ್ಚು, ಮೇಲೆ ಮಜ್ಜಿಗೆ. ಜೋಳ ಅಕ್ಕಿಯ ಮಿಮಿಕ್ರಿ ಮಾಡುತ್ತಿತ್ತು, ನನಗಿಂತ ಚೆನ್ನಾಗಿ. ಮಾಲತಿ ಕೇಳಿ ಹಾಕಿಸಿಕೊಂಡಳು.

ನಾಲ್ಕನೇ ದಿನ ಅತ್ತೆಯ ಮೂಟೆ ಬಂತು. ಮಾಲತಿ ಎದ್ದು ಕೂತು, ಮೂಟೆಯ ಬಾಯಿ ಬಿಚ್ಚುವ ಮೊದಲೇ ಅದಕ್ಕೆ ಮುಖ ಒತ್ತಿ ವಾಸನೆ ಎಳೆದುಕೊಂಡಳು. ನಾನು ಹಬ್ಬದಂತೆ ಗಂಜಿ ಬೇಯಿಸಿದೆ. ಎರಡು ಚಮಚ ಇಳಿಯಿತು. ಮೂರನೆಯದಕ್ಕೆ ಎಲ್ಲ ಹೊರಗೆ.

“ನನ್ನ ಹೊಟ್ಟೆಗೆ ಎಂತ ಆಯ್ತು?” ಎಂದು ಅತ್ತಳು. ಹತ್ತು ದಿನ ಉಪವಾಸವಿದ್ದಾಗಲೂ ಹಾಗೆ ಅತ್ತಿರಲಿಲ್ಲ.

ನೀಲವ್ವ ಗುಟ್ಟು ಬಿಟ್ಟುಕೊಟ್ಟು ನುಚ್ಚು ತಂದಳು. ಅದು ನಿಂತಿತು.

ಈಗ ಮೂಟೆ ಮೂಲೆಯಲ್ಲಿದೆ. ಮಾಲತಿ ಅದರಿಂದ ಒಂದು ಹಿಡಿಯನ್ನು ಖಾಜಾಸಾಬರ ಟವೆಲ್ಲಿನಲ್ಲಿ ಗಂಟು ಕಟ್ಟಿ ದಿಂಬಿನಡಿ ಇಟ್ಟುಕೊಂಡಿದ್ದಾಳೆ. ಅವಳಿಲ್ಲದಾಗ ನಾನೂ ಒಂದೆರಡು ಸಲ ತೆಗೆದು ಮೂಸಿದ್ದೇನೆ.

ದಿನಾ ಬೆಳಿಗ್ಗೆ ಅತ್ತೆಯ ಫೋನು: “ಅಕ್ಕಿ ಒಳ್ಳೆದುಂಟಾ ಮಗಾ? ಉಣ್ತಿದ್ದಿಯಾ?”

“ಒಳ್ಳೆದುಂಟು ಅಮ್ಮ” ಎನ್ನುತ್ತಾಳೆ ಮಾಲತಿ, ಗಂಟನ್ನು ಮೂಗಿಗೆ ಒತ್ತಿಕೊಂಡು, ತೊಡೆಯ ಮೇಲಿನ ನುಚ್ಚಿನ ಬಟ್ಟಲು ಜಾರದಂತೆ ಇನ್ನೊಂದು ಕೈಯಲ್ಲಿ ಹಿಡಿದು.