ಬರದವರ ಮನೆ ಹುಡುಕಿದ ಪುರಾವೆಯಕ್ಕ

ಬೆಳಗಿನ ಐದೂವರೆ. ಬಟ್ಟೆ ಕಾರ್ಖಾನೆಯ ಗೇಟಿನ ಪಕ್ಕ, ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಒಂದು ಮೇಜು, ಎರಡು ಸ್ಟೂಲು, ಲಸಿಕೆಯ ನೀಲಿ ಡಬ್ಬಿ. ಆರು ಗಂಟೆಯ ಪಾಳಿಗೆ ಹೊರಟ ತಾಯಂದಿರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಸಾಲು ನಿಂತಿದ್ದಾರೆ. ಚುಚ್ಚಿಸಿಕೊಂಡ ಕೂಸು ಕಾರ್ಖಾನೆಯ ಶಿಶುಕೋಣೆಗೆ, ತಾಯಿ ಹೊಲಿಗೆ ಮಿಷನ್ನಿಗೆ. ಮೇಜಿನ ಹಿಂದಿರುವ ನರ್ಸನ್ನು ನಮ್ಮ ಆರೋಗ್ಯ ಕೇಂದ್ರದಲ್ಲಿ ಎಲ್ಲರೂ ಪುರಾವೆಯಕ್ಕ ಎನ್ನುತ್ತಾರೆ. ಚೇಷ್ಟೆಗೆ ಆ ಹೆಸರಿಟ್ಟವಳು ನಾನೇ.

ಮೊದಲೇ ಹೇಳಿಬಿಡುತ್ತೇನೆ, ಈಕೆಯನ್ನು ಕಂಡರೆ ನನಗೆ ಹೊಟ್ಟೆಯುರಿ. ಅದೇ ಕೇಂದ್ರದಲ್ಲಿ ಹನ್ನೆರಡು ವರ್ಷದಿಂದ ಕರಪತ್ರ ಬರೆಯುವವಳು ನಾನು. ಪುರಾವೆ ನೋಡಿ ನಿರ್ಧಾರ ಮಾಡುವುದು ಹೇಗೆಂಬ ಆರು ದಿನದ ತರಬೇತಿಗೆ ಪತ್ರ ಬಂದದ್ದು ನನ್ನ ಹೆಸರಿಗೆ. ನಮಗೇನು ಹೊಸದಾಗಿ ಕಲಿಸುತ್ತಾರೆ ಎಂದು ಮೂಗು ಮುರಿದು, ಈಕೆಯನ್ನು ಕಳಿಸಿದೆ.

ಆಗ ಐವತ್ತೆರಡು ಮಕ್ಕಳು ಎರಡನೇ ಲಸಿಕೆ ತಪ್ಪಿಸಿಕೊಂಡಿದ್ದರು. ಕೇಂದ್ರಕ್ಕೆ ಬಂದ ತಾಯಂದಿರನ್ನು ನಾನು ಕಾರಣ ಕೇಳಿದ್ದೆ. ಉಳಿದವರಿಗೆ ಜ್ವರದ ಭಯ ಎಂದಿದ್ದರು. ‘ಭಯ ಬೇಡ’ ಎಂದು ವರ್ಷವರ್ಷವೂ ಅಚ್ಚು ಹಾಕಿಸಿದೆ. ತರಬೇತಿಯಿಂದ ಬಂದವಳು ಕೇಳಿದ್ದು ಒಂದೇ ಮಾತು: “ಬಂದವರನ್ನ ಕೇಳಿದ್ರೆ ಬರದವರ ಕಷ್ಟ ಹೇಗೆ ಗೊತ್ತಾಗುತ್ತೆ, ಅಕ್ಕಾ?”

ಡ್ಯೂಟಿ ಮುಗಿಸಿ, ಮಂಡಿನೋವು ಎಳೆದುಕೊಂಡು, ಐವತ್ತೆರಡು ಮನೆಯನ್ನೂ ಹತ್ತಿಳಿದಳು. ಕೆಲವರು ಬೈದರು, ಒಬ್ಬಳು ಬಾಗಿಲನ್ನೇ ತೆರೆಯಲಿಲ್ಲ. ಆ ಎರಡು ತಿಂಗಳು ಆಕೆಯ ಮನೆಯಲ್ಲಿ ಗಂಡನದೇ ಅಡುಗೆ. ಉಪ್ಪಿಲ್ಲದ ಸಾರಿಗೂ ಪುರಾವೆ ಕೇಳ್ತಾಳೆ ಎಂದು ಆತ ನಗುತ್ತಾನೆ. ಹತ್ತಿಳಿದ ಮನೆಗಳಲ್ಲಿ ಭಯ ಎಂದವರು ನಾಲ್ಕೇ ಜನ. ಬಹುಪಾಲು ತಾಯಂದಿರದು ಒಂದೇ ಉತ್ತರ: ಬುಧವಾರ ಹತ್ತು ಗಂಟೆಗೆ ನೀವು ಲಸಿಕೆ ಹಾಕುವಾಗ ನಾವು ಕಾರ್ಖಾನೆಯಲ್ಲಿರುತ್ತೇವೆ.

ನನ್ನ ಹನ್ನೆರಡು ವರ್ಷದ ಕರಪತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಕೆ ಸಮಾಧಾನ ಮಾಡಿದಳು: “ನಿಮ್ಮ ಕರಪತ್ರ ಎಲ್ರೂ ಓದಿದ್ರು, ಆದ್ರೂ ಬರ್ಲಿಲ್ಲ. ಅದಕ್ಕೇ ಭಯ ಕಾರಣ ಅಲ್ಲ ಅಂತ ಗೊತ್ತಾಯ್ತು.” ಆ ಸಮಾಧಾನ ನನಗೆ ಇನ್ನೂ ಜೀರ್ಣವಾಗಿಲ್ಲ.

ಆಕೆ ಕೇಳಿದ್ದಕ್ಕೆ ಮೇಲಿನ ಕಚೇರಿ ಈ ಮುಂಜಾನೆಯ ಮೇಜಿಗೆ ಮೂರು ತಿಂಗಳ ಗಡುವು ಕೊಟ್ಟಿದೆ. ಮೂವತ್ತೈದು ಮಕ್ಕಳು ಇದರಿಂದಲೇ ಲಸಿಕೆಗೆ ಮರಳಬೇಕು. ಇಲ್ಲವಾದರೆ ಮೇಜು ವಾಪಸ್, ಮತ್ತೆ ಬುಧವಾರ ಹತ್ತು ಗಂಟೆ. ಇವತ್ತು ಕೊನೆಯ ದಿನ. ಆರು ಗಂಟೆಗೆ ಸೈರನ್ ಕೂಗಿ ಸಾಲು ಕರಗುತ್ತದೆ. ಮೇಜಿನ ಮೂರು ತಿಂಗಳ ಲೆಕ್ಕದ ಪುಸ್ತಕದಲ್ಲಿ ನಲವತ್ತೊಂದು ಹೆಸರು. ಗೆದ್ದೆಯಲ್ಲ ಎನ್ನುತ್ತೇನೆ, ಗಂಟಲಲ್ಲೇ.

ಆಕೆ ಪೆನ್ನು ತೆಗೆದು ಒಂದು ಹೆಸರು ಹೊಡೆದುಹಾಕುತ್ತಾಳೆ. ಇನ್ನೊಂದು. ಮತ್ತೊಂದು. ಏನು ಮಾಡ್ತಿದ್ದೀಯ ಎಂದರೆ, ಈ ತಾಯಂದಿರು ಈಚೆಗೆ ಮಧ್ಯಾಹ್ನದ ಪಾಳಿಗೆ ಬದಲಾದವರು ಎನ್ನುತ್ತಾಳೆ. “ಈ ಮೇಜು ಇಲ್ದಿದ್ರೂ ಇವ್ರು ಬುಧವಾರ ಹತ್ತು ಗಂಟೆಗೆ ಬರ್ತಿದ್ರು. ಇವ್ರನ್ನೂ ಸೇರಿಸಿದ್ರೆ ನಮ್ಮ ಲೆಕ್ಕ ನಂಬಿ ಬೇರೆಯವ್ರು ಮೋಸ ಹೋಗ್ತಾರೆ.”

ನಾನಾಗಿದ್ದರೆ ಒಂದನ್ನೂ ಹೊಡೆಯುತ್ತಿರಲಿಲ್ಲ. ಏಳು ಹೆಸರು ಹೊಡೆದರೆ ಮೂವತ್ತನಾಲ್ಕು, ಸೋಲು. ಏಳಾಗಲಿ ಎಂದು ನನ್ನ ಮನಸ್ಸು ಬಯಸಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಐದನೇ ಹೆಸರಿಗೆ ಪೆನ್ನು ನಿಂತಿತು. ಎರಡು ಸಲ ಎಣಿಸಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

“ನೀವೂ ಒಂದ್ಸಲ ಎಣಿಸಿ ಅಕ್ಕಾ. ಮೂವತ್ತಾರು. ಇಷ್ಟು ಮಾತ್ರ ನಮ್ದು.”