ಕಲ್ಲಿನ ಬುಡದ ಕುಂಕುಮ

ಮೊನ್ನೆ ಹಳೆಯ ಪೆಟ್ಟಿಗೆ ತೆರೆದಾಗ ಕರಿ ಮೇಣದ ವಾಸನೆ ಬಂತು. ಒಮ್ಮೆಲೇ ವಿಲಾಯತಿಯಲ್ಲಿ ರೇನರ್ಸ್ ಲೇನಿನ ನಮ್ಮ ಹಳೆ ಮನೆ, ಮೇಲಿನ ಫ್ಲ್ಯಾಟಿನ ಐರಿಶ್ ಅಜ್ಜಿ, ಮೆಟ್ಟಿಲ ಮೇಲೆ ಅವರ ನಿಧಾನದ ಹೆಜ್ಜೆ...

ತೊಂಬತ್ತರ ದಶಕದ ಕೊನೆ ಅದು. ಅಜ್ಜಿ ಪ್ರತಿ ಬೇಸಿಗೆ ತಮ್ಮ ಊರಿಗೆ ಹೋಗಿ, ಹೊಲಗಳಲ್ಲಿ ನಿಂತ, ಸತ್ತವರ ಹೆಸರು ಕೊರೆದ ಪುರಾತನ ಕಲ್ಲುಗಳಿಗೆ ಹಾಳೆ ಸುತ್ತಿ, ಮೇಣ ಉಜ್ಜಿ ಅಚ್ಚು ತೆಗೆದು ತರುತ್ತಿದ್ದರು. ಆಮೇಲೆ ಅದನ್ನು ನೋಡಿಕೊಂಡು ಮಸಿಯಲ್ಲಿ ಚಿತ್ರ. ಕ್ರಿಸ್ಮಸ್ಸಿಗೆ ಅವೇ ಕಾರ್ಡಾಗಿ ಬೀದಿಯ ಮನೆಮನೆಗೂ ಬರುತ್ತಿದ್ದವು. ಅದರ ಅಕ್ಷರವೆಂದರೆ ಕಲ್ಲಿನ ಅಂಚಿಗೆ ಕೊರೆದ ಬರೀ ಗೀರುಗಳು. ಬುಡದಿಂದ ಮೇಲಕ್ಕೆ ಓದಬೇಕು. ನಮ್ಮೂರ ವೀರಗಲ್ಲನ್ನೂ ಹಾಗೇ ನೋಡುವುದು ಎಂದು ನಾನು ಹೇಳಿದಾಗ ಅವರಿಗೆ ಬಹಳ ಖುಷಿಯಾಗಿತ್ತು.

ಅವರ ಅಪ್ಪನ ಹೊಲದಲ್ಲೂ ಒಂದು ಕಲ್ಲಿತ್ತು. ಬುಡ ಹೂತುಹೋಗಿ, ಹೆಸರಿನ ಮೊದಲ ಭಾಗವೇ ಮಣ್ಣಿನೊಳಗೆ. ಅಗೆಯಲು ಸರಕಾರದ ಅನುಮತಿ ಸಿಗಲಿಲ್ಲ. ಅದರ ದೊಡ್ಡ ಚಿತ್ರದ ಕೆಳಗೆ ಗೇಣು ಜಾಗ ಖಾಲಿ ಬಿಟ್ಟಿದ್ದರು. ಪ್ರದರ್ಶನಕ್ಕೆ ಕೇಳಿದ ಲೈಬ್ರರಿಯವರು, ಊಹಿಸಿ ತುಂಬಿಬಿಡಿ ಎಂದರಂತೆ. “ನನಗೆ ಗೊತ್ತಿಲ್ಲದ್ದನ್ನು ಕಲ್ಲಿನ ಬಾಯಿಗೆ ಹಾಕಲಾರೆ” ಎಂದು ಬಂದಿದ್ದರು.

ಕೊನೆಗೆ ಲೈಬ್ರರಿಯವರು ಹಾಗೇ ಒಪ್ಪಿದರು. ಹೊತ್ತೊಯ್ಯಲು ಸುಲಭವಾಗಲೆಂದು ಅಜ್ಜಿ ಆ ಚಿತ್ರವನ್ನು ಹಲಗೆಗೆ ಸಿಕ್ಕಿಸಿ, ಕೆಳಗೆ ನಮ್ಮ ಮುಂದಿನ ಕೋಣೆಯಲ್ಲಿ, ನನ್ನ ಘಟಿಕೋತ್ಸವದ ಫೋಟೋದ ಕೆಳಗೆ ಒರಗಿಸಿಟ್ಟಿದ್ದರು. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಆ ಫೋಟೋ ಬಗ್ಗೆ ನನಗೆ ಈಗಲೂ ಹೆಮ್ಮೆ. ಪ್ರದರ್ಶನದ ದಿನ ಬೆಳಿಗ್ಗೆ ನೋಡುತ್ತೇನೆ, ಧಾರವಾಡದಿಂದ ಬಂದಿದ್ದ ನಮ್ಮವ್ವ ಜಳಕ ಮಾಡಿ, ಆ ಖಾಲಿ ಜಾಗಕ್ಕೆ ಅರಿಶಿಣ ಕುಂಕುಮ ಹಚ್ಚಿ ಕೈಮುಗಿದು ನಿಂತಿದ್ದಾಳೆ.

“ಏನ್ ಮಾಡಿದೆಬೇ? ಯಾರ ಕಲ್ಲಂತ ಅವ್ರಿಗೇ ಗೊತ್ತಿಲ್ಲ.”

“ಹೆಸರು ಗೊತ್ತಿಲ್ಲಂದ್ರ ಸತ್ತಾಂವ ಸತ್ತಿಲ್ಲೇನು? ದೊಡ್ಡ ಡಿಗ್ರಿ ಮಾಡ್ಯಾನ, ಇಷ್ಟ ತಿಳೀವಲ್ದು.”

ಅಷ್ಟರಲ್ಲಿ ಅಜ್ಜಿ ಇಳಿದು ಬಂದರು. ಅವ್ವನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೊಣಕಾಲೂರಿ ಕೂತು ಕುಂಕುಮವನ್ನು ಹತ್ತಿರದಿಂದ ನೋಡಿದರು...

“ಒರೆಸಲೇ?” ಎಂದೆ.

“ಬೇಡ. ಇದು ಊಹೆಯಲ್ಲವಲ್ಲ. ಇರಲಿ.”

ಹಾಗೇ ಲೈಬ್ರರಿಗೆ ಹೊತ್ತುಕೊಂಡು ಹೋದೆವು.

ಕೆಲವು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡರು. ಅವರ ಕಡೆಯವರು ಚಿತ್ರವನ್ನೂ ಉಳಿದ ಮೇಣವನ್ನೂ ನನಗೇ ಕೊಟ್ಟರು. ಕಲ್ಲಿನ ಬುಡ ಇನ್ನೂ ಮಣ್ಣಿನಲ್ಲೇ ಇದೆಯಂತೆ. ಈಗ ಅವ್ವನೂ ಇಲ್ಲ.

ಪೆಟ್ಟಿಗೆಯಲ್ಲಿ ಸುತ್ತಿಟ್ಟಿದ್ದ ಆ ಚಿತ್ರವನ್ನು ಬಿಚ್ಚಿ ನೆಲದ ಮೇಲೆ ಹಾಸಿದೆ. ಬುಡದಿಂದ ಓದತೊಡಗಿದೆ. ಮೊದಲು ಮಾಸಿದ ಕೆಂಪಿನಲ್ಲಿ ಅವ್ವನ ಬೆರಳು ಸಿಕ್ಕಿತು, ಅದರ ಮೇಲೆ ಅಜ್ಜಿಯ ಗೀರುಗಳು... ಹೆಸರು ಮಾತ್ರ ಈಗಲೂ ಗೊತ್ತಿಲ್ಲ.